ರ‍್ಯಾಕೆಟ್ಟಿನ ಹಾಸುಹೊಕ್ಕು

ಆಟದ ಸಾಮಾನಿನ ಅಂಗಡಿಗಳಲ್ಲಿ ಟೆನಿಸ್ ರ‍್ಯಾಕೆಟ್ಟಿಗೆ ಹೊಸ ತಂತಿ ಹಾಕಿಸುವುದನ್ನು ‘ಗಟ್ಟಿಂಗ್ ಮಾಡಿಸುವುದು’ ಎಂದು ಕರೆಯುವ ವಾಡಿಕೆ ನಮ್ಮಲ್ಲಿದೆ. ಇಂಗ್ಲಿಷಿನಲ್ಲಿ ‘ಗಟ್’ ಎಂದರೆ ಕರುಳು. ಈಗ ಆ ಅಂಗಡಿಗಳಲ್ಲಿ ರ‍್ಯಾಕೆಟ್ಟಿಗೆ ಏರುವ ತಂತಿ ಬಹುಪಾಲು ನೈಲಾನಿನದು, ಇಲ್ಲವೆ ಪಾಲಿಯೆಸ್ಟರಿನದು. ಕರುಳಿನ ಸೋಂಕೂ ಅದಕ್ಕಿಲ್ಲ. ಆದರೂ ಮಾತು ಉಳಿದುಕೊಂಡಿದೆ. ವಸ್ತು ಹೋದ ಮೇಲೂ ಹೆಸರು ನಿಲ್ಲುವುದು ಭಾಷೆಯಲ್ಲಿ ಅಪೂರ್ವವೇನಲ್ಲ. ಅಂಥ ಪದವೊಂದನ್ನು ಕೆದಕಿದರೆ ಅದರ ಕೆಳಗೆ ಒಂದು ಇತಿಹಾಸವೇ ಮಲಗಿರುತ್ತದೆ. ಟೆನಿಸ್ ತಂತಿಯ ಆ ಇತಿಹಾಸವನ್ನು ಇಂದು ಸ್ವಲ್ಪ ಬಿಡಿಸಿ ನೋಡೋಣ.

ಟೆನಿಸ್ ಆಟವನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಆಟಗಾರನ ತೋಳನ್ನೂ ಕಾಲನ್ನೂ ಹೊಗಳುತ್ತಾರೆ. ಹೆಚ್ಚೆಂದರೆ ರ‍್ಯಾಕೆಟ್ಟಿನ ಚೌಕಟ್ಟಿನವರೆಗೆ ಬರುತ್ತಾರೆ. ಆದರೆ ಚೆಂಡನ್ನು ಮುಟ್ಟುವುದು ತಂತಿ ಮಾತ್ರ. ಸುಮಾರು 12 ಮೀಟರ್ ಉದ್ದದ ತಂತಿಯನ್ನು ನೇಕಾರನ ಮಗ್ಗದಲ್ಲಿರುವಂತೆ ಹಾಸಾಗಿಯೂ ಹೊಕ್ಕಾಗಿಯೂ ಹೆಣೆದು ಬಿಗಿದ ಜಾಲ ಅದು. ಚೆಂಡು ಅದರ ಮೇಲೆ ನಿಲ್ಲುವುದು ಒಂದು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲಿನಷ್ಟು ಹೊತ್ತು. ಅಷ್ಟರೊಳಗಾಗಿ ಆಟಗಾರನು ತಂತಿಯಿಂದ ಮೂರು ವರಗಳನ್ನು ಬೇಡುತ್ತಾನೆ. ಚೆಂಡು ಚೆನ್ನಾಗಿ ಸುತ್ತಬೇಕು, ಅದು ಸ್ಪಿನ್. ತಾನು ಎಣಿಸಿದ ಎಡೆಯಲ್ಲಿ ಬೀಳಬೇಕು, ಅದು ಹಿಡಿತ. ತನ್ನ ಕೈಗೆ ನೋವಾಗಬಾರದು, ಅದು ಹಿತ. ಈ ಮೂರನ್ನೂ ಒಟ್ಟಿಗೆ ತುಂಬಿಕೊಡುವ ತಂತಿ ಇದುವರೆಗೆ ಹುಟ್ಟಿಲ್ಲ. ಒಂದನ್ನು ಪಡೆಯುವಾಗ ಮತ್ತೊಂದನ್ನು ಎಷ್ಟು ಬಿಟ್ಟುಕೊಡಬೇಕು ಎಂಬುದೇ ಈ ಒಂದೂವರೆ ಶತಮಾನದ ಕಥೆಯ ತಿರುಳು.

ಟೆನಿಸ್ಸಿನ ಪೂರ್ವಜನಾದ ಆಟವನ್ನು ಫ್ರಾನ್ಸಿನಲ್ಲಿ ಬರಿಗೈಯಿಂದ ಆಡುತ್ತಿದ್ದರು. ಅದರ ಹೆಸರಿನ ಅರ್ಥವೇ ಅಂಗೈಯ ಆಟ ಎಂದು. ಅಂಗೈ ಹೋಗಿ ಕೈಗವಸು, ಕೈಗವಸು ಹೋಗಿ ಹಲಗೆ, ಕೊನೆಗೆ ಕರುಳಿನ ತಂತಿ ಬಿಗಿದ ರ‍್ಯಾಕೆಟ್ಟು ಬಂದಿತು. ಆ ಕಾಲದಲ್ಲಿ ಬಿಗಿದಷ್ಟೂ ತಡೆದುಕೊಂಡು, ಎಳೆದಷ್ಟೂ ಹಿಂದಕ್ಕೆ ಚಿಮ್ಮುವ ದಾರವೆಂದರೆ ಕರುಳಿನದೇ. ಪಶ್ಚಿಮದ ತಂತಿವಾದ್ಯಗಳು ಹಾಡುತ್ತಿದ್ದುದೂ ಅದರಿಂದಲೇ. ವೈದ್ಯರು ಗಾಯಗಳನ್ನು ಹೊಲಿಯುತ್ತಿದ್ದುದೂ ಅದರಿಂದಲೇ. 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬಾತನು ಇಂಗ್ಲೆಂಡಿನಲ್ಲಿ ಹುಲ್ಲಿನ ಮೇಲಿನ ಟೆನಿಸ್ಸಿಗೆ ಪೇಟೆಂಟ್ ಪಡೆದನು. ಮರುವರ್ಷವೇ, ಎಂದರೆ 1875ರಲ್ಲಿ, ಫ್ರಾನ್ಸಿನ ಲಿಯಾನ್ ನಗರದ ಪಿಯರ್ ಬಬೋಲಾ ಎಂಬಾತನು ಈ ಹೊಸ ಆಟಕ್ಕೆಂದೇ ಕರುಳಿನ ತಂತಿ ತಯಾರಿಸಲು ತೊಡಗಿದನು. ಅವನ ಮನೆತನದವರು ಅದಕ್ಕೂ ಮುಂಚೆ ವಾದ್ಯಗಳಿಗೆ ತಂತಿ ಮಾಡುತ್ತಿದ್ದವರು. ಆರಂಭದಲ್ಲಿ ಕುರಿಯ ಕರುಳು, ಅನಂತರ ದನದ ಕರುಳು. ಅದರ ತೆಳುವಾದ ಹೊರಪೊರೆಯನ್ನು ಸೀಳಿ, ತೊಳೆದು, ಹುರಿಮಾಡಿ, ಒಣಗಿಸಿ, ನಯಗೊಳಿಸಿ ತಂತಿಯಾಗಿಸುವುದು ಬಹಳ ತಾಳ್ಮೆಯ ಕೆಲಸ.

ಕರುಳಿನ ತಂತಿಯ ಗುಣ ಅದರ ಹುಟ್ಟಿನಲ್ಲಿಯೇ ಇದೆ. ನಿಮಿಷ ನಿಮಿಷಕ್ಕೂ ಹಿಗ್ಗಿ ಕುಗ್ಗುವುದಕ್ಕಾಗಿ ನಿರ್ಮಿತವಾದ ಅಂಗ ಕರುಳು. ಚೆಂಡು ಬಡಿದಾಗ ಅದು ಮೆತ್ತಗೆ ಹಿಂದೆ ಸರಿದು, ತಾನು ಪಡೆದ ಬಲದ ಬಹುಭಾಗವನ್ನು ಚೆಂಡಿಗೆ ಮರಳಿಸುತ್ತದೆ. ಕೈಗೆ ಬರುವ ಪೆಟ್ಟು ಕಡಿಮೆ. ಕಟ್ಟಿದ ಬಿಗಿಯನ್ನು ಅದು ಬಹುಕಾಲ ಉಳಿಸಿಕೊಳ್ಳುತ್ತದೆ. ಅದರ ದೌರ್ಬಲ್ಯವೆಂದರೆ ನೀರು. ಮಳೆಹನಿ ಬಿದ್ದರೆ ಉಬ್ಬಿ ಸಿಡಿಯುತ್ತದೆ. ಜೊತೆಗೆ ಬೆಲೆಯೂ ಹೆಚ್ಚು. ಹಿತದಲ್ಲಿ ಅದಕ್ಕೆ ಸಮನಾದುದು ಇಂದಿಗೂ ಇಲ್ಲವೆಂಬುದು ಬಲ್ಲವರ ಮತ.

ಹಿತ ದೊರೆತಿತು, ಇನ್ನು ಸ್ಪಿನ್ನಿನ ಮಾತು. ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿದ ದಾರಿಯಲ್ಲಿ ಸಾಗುವುದನ್ನು ತಾನು ಕಂಡಿದ್ದುದಾಗಿ ಐಸಾಕ್ ನ್ಯೂಟನ್ 1672ರಷ್ಟು ಹಿಂದೆಯೇ, ಬೆಳಕಿನ ಬಗ್ಗೆ ಬರೆದ ಪತ್ರವೊಂದರಲ್ಲಿ ಹೇಳಿದ್ದಾನೆ. ಮೊದಲ ವಿಂಬಲ್ಡನ್ ಪಂದ್ಯಾವಳಿ ನಡೆದುದು 1877ರಲ್ಲಿ. ಅದೇ ವರ್ಷ ಲಾರ್ಡ್ ರ‍್ಯಾಲಿ ಎಂಬ ಭೌತವಿಜ್ಞಾನಿ ಟೆನಿಸ್ ಚೆಂಡಿನ ವಕ್ರಗತಿಯನ್ನು ಕುರಿತು ಒಂದು ಪ್ರಬಂಧವನ್ನೇ ಪ್ರಕಟಿಸಿದನು. ಅದರ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು: ಮೇಲಿನಿಂದ ಮುಂದಕ್ಕೆ ಉರುಳುತ್ತ ಹಾರುವ ಚೆಂಡನ್ನು ಗಾಳಿ ಕೆಳಕ್ಕೆ ಒತ್ತುತ್ತದೆ. ನೆಲದ ಸೆಳೆತವೊಂದೇ ಇದ್ದರೆ ಅಂಗಣದಾಚೆಗೆ ಬೀಳುತ್ತಿದ್ದ ಚೆಂಡು, ಈ ಉರುಳಿನ ದೆಸೆಯಿಂದ ಗೆರೆಯ ಒಳಗೇ ಧುಮುಕುತ್ತದೆ. ಟೆನಿಸ್ ಅಂಗಣದ ಉದ್ದ 78 ಅಡಿ, ಬಲೆಯ ಎತ್ತರ ನಡುವೆ 3 ಅಡಿ. ಬಲೆಯನ್ನು ದಾಟಿಸಬೇಕು, ಗೆರೆಯನ್ನು ದಾಟಿಸಬಾರದು. ಈ ಎರಡು ಕಟ್ಟಳೆಗಳ ನಡುವೆ ಬಲವಾಗಿ ಹೊಡೆಯಬೇಕೆನ್ನುವವನಿಗೆ ಸ್ಪಿನ್ ಎಂಬುದು ಅಲಂಕಾರವಾಗಿರದೆ ಆಧಾರವೇ ಆಗುತ್ತದೆ. ಸ್ಪಿನ್ ಹೆಚ್ಚಿದರೆ ಹಿಡಿತವೂ ಹೆಚ್ಚುತ್ತದೆ ಎಂಬ ಈ ನಂಟನ್ನು ನಾವು ನೆನಪಿಟ್ಟುಕೊಳ್ಳಬೇಕು.

ಮರದ ಚೌಕಟ್ಟು, ಕರುಳಿನ ತಂತಿ ಇದ್ದ ದಿನಗಳಲ್ಲಿ ಆಟಗಾರರು ಹಿಡಿತವನ್ನು ಬೇರೊಂದು ದಾರಿಯಿಂದ ಸಂಪಾದಿಸುತ್ತಿದ್ದರು. ತಂತಿಯನ್ನು ಬಿಗಿಯಾಗಿ ಎಳೆಸುತ್ತಿದ್ದರು. ಬಿಗಿ ಹೆಚ್ಚಿದಂತೆ ಚೆಂಡಿನ ಚಿಮ್ಮುವಿಕೆ ಕುಂದುತ್ತದೆ, ಹೊಡೆತ ಅಳತೆ ಮೀರುವುದಿಲ್ಲ. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ ತನ್ನ ರ‍್ಯಾಕೆಟ್ಟನ್ನು ಸುಮಾರು 80 ಪೌಂಡಿನವರೆಗೆ ಬಿಗಿಸುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಆ ಬಿಗಿಗೆ ಕರುಳು ತಾನಾಗಿಯೇ ಹರಿದುಹೋಗುವುದೂ ಇದ್ದಿತು. ಅದನ್ನು ತಾಳಬಲ್ಲ ಮಣಿಕಟ್ಟು ಎಲ್ಲರಿಗೂ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ರಸಾಯನಶಾಸ್ತ್ರ ತನ್ನ ನೂಲನ್ನು ನೇಯತೊಡಗಿತ್ತು. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯಲ್ಲಿ ವ್ಯಾಲೇಸ್ ಕರೋದರ್ಸ್ ಮತ್ತು ಆತನ ಸಂಗಡಿಗರು 1935ರಲ್ಲಿ ನೈಲಾನನ್ನು ಸೃಷ್ಟಿಸಿದರು. ಅದಕ್ಕೂ ಮೊದಲು ಅವರು ಪಾಲಿಯೆಸ್ಟರ್ ಜಾತಿಯ ಎಳೆಗಳನ್ನು ಪರೀಕ್ಷಿಸಿ, ಕಡಿಮೆ ಶಾಖಕ್ಕೇ ಕರಗುತ್ತವೆಂದು ಕೈಬಿಟ್ಟಿದ್ದರು. ಬಿಟ್ಟ ಆ ಎಳೆಯನ್ನು ಹಿಡಿದು ಮುಂದುವರಿದವರು ಇಂಗ್ಲೆಂಡಿನ ಜಾನ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್ಸನ್. ಮ್ಯಾಂಚೆಸ್ಟರಿನ ಒಂದು ಬಟ್ಟೆ ಅಚ್ಚಿನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1941ರಲ್ಲಿ ಅವರು ಗಟ್ಟಿಯಾದ ಪಾಲಿಯೆಸ್ಟರನ್ನು ತಯಾರಿಸಿದರು. ಅದೇ ಮುಂದೆ ಟೆರಿಲಿನ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಿತವಾಯಿತು. ನಮ್ಮ ಹಿರಿಯರು ಇಸ್ತ್ರಿಯ ಗೆರೆ ಕೆಡದ ಟೆರಿಲಿನ್ ಅಂಗಿಯನ್ನು ಹಬ್ಬಕ್ಕೆಂದು ಎತ್ತಿಡುತ್ತಿದ್ದುದನ್ನು ನೆನೆಯಬಹುದು. ಅಂಗಿಯ ಗೆರೆಯನ್ನು ಕಾಪಾಡಿದ ಬಿರುಸುತನವೇ ಟೆನಿಸ್ಸಿನ ಚರಿತ್ರೆಯನ್ನೂ ತಿರುಗಿಸಲಿದ್ದಿತು. ಆದರೆ ಅದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. ಮೊದಲು ರ‍್ಯಾಕೆಟ್ಟನ್ನು ಹೊಕ್ಕುದು ನೈಲಾನ್. ಅದು ಅಗ್ಗ, ಮಳೆಗೆ ಹೆದರುವುದಿಲ್ಲ, ಕೈಗೂ ಒಂದು ಮಟ್ಟಿಗೆ ಹಿತ. ಸಾಮಾನ್ಯ ಆಟಗಾರರ ಪಾಲಿಗೆ ಅದು ವರವೇ ಆಯಿತು. ಚಾಂಪಿಯನ್ನರು ಮಾತ್ರ ಕರುಳನ್ನು ಬಿಡಲಿಲ್ಲ.

ಹೀಗಿರುವಾಗ 1977ನೆಯ ವರ್ಷ ಬಂದಿತು. ಪಶ್ಚಿಮ ಜರ್ಮನಿಯ ಬವೇರಿಯ ಪ್ರಾಂತದಲ್ಲಿ ತೋಟಗಾರಿಕೆಯ ಕಸುಬಿನ ವರ್ನರ್ ಫಿಷರ್ ಎಂಬಾತನು ಒಂದು ವಿಚಿತ್ರ ರ‍್ಯಾಕೆಟ್ಟನ್ನು ರೂಪಿಸಿದ್ದನು. ಅದರಲ್ಲಿ ಹಾಸಿನ ತಂತಿಗಳು ಎರಡು ಪದರ. ಹೊಕ್ಕಿನ ತಂತಿಗಳು ಅವೆರಡರ ನಡುವೆ ಸುಮ್ಮನೆ ಹಾಯ್ದಿದ್ದವೇ ಹೊರತು ಹೆಣೆದುಕೊಂಡಿರಲಿಲ್ಲ. ತಂತಿಗಳಿಗೆ ಅಲ್ಲಲ್ಲಿ ಪ್ಲಾಸ್ಟಿಕ್ ಕೊಳವೆಯ ತುಂಡುಗಳನ್ನು ತೊಡಿಸಲಾಗಿತ್ತು. ಜನ ಅದನ್ನು ಸ್ಪಗೆಟಿ ರ‍್ಯಾಕೆಟ್ ಎಂದು ಕರೆದರು. ನಮ್ಮ ಮಾತಿನಲ್ಲಾದರೆ ಶಾವಿಗೆ ರ‍್ಯಾಕೆಟ್ ಎನ್ನಬಹುದೇನೋ. ಹೆಣಿಗೆಯ ಹಂಗಿಲ್ಲದ ಹಾಸಿನ ತಂತಿಗಳು ಚೆಂಡು ತಗುಲಿದೊಡನೆ ಪಕ್ಕಕ್ಕೆ ಜಾರಿ, ಒಡನೆಯೇ ಹಿಂದಿರುಗಿ, ಚೆಂಡನ್ನು ಬುಗುರಿಯಂತೆ ಸುತ್ತಿಸಿಬಿಡುತ್ತಿದ್ದವು. ಆ ವರ್ಷದ ಅಮೆರಿಕನ್ ಓಪನ್‌ನಲ್ಲಿ ಮೈಕ್ ಫಿಷ್‌ಬ್ಯಾಕ್ ಎಂಬ ಹೆಸರಿಲ್ಲದ ಆಟಗಾರನು ಇಂಥ ರ‍್ಯಾಕೆಟ್ ಹಿಡಿದು, ಹಿಂದೆ ವಿಂಬಲ್ಡನ್ ಗೆದ್ದಿದ್ದ ಸ್ಟ್ಯಾನ್ ಸ್ಮಿತ್‌ನನ್ನು ಸೋಲಿಸಿದನು.

ಪ್ರಕರಣ ಪರಾಕಾಷ್ಠೆಗೆ ಏರಿದುದು ಅಕ್ಟೋಬರ್ ತಿಂಗಳಲ್ಲಿ, ದಕ್ಷಿಣ ಫ್ರಾನ್ಸಿನ ಏಕ್ಸ್ ಪಟ್ಟಣದಲ್ಲಿ. ಅರ್ಜೆಂಟೀನದ ಗಿಲ್ಲೆರ್ಮೊ ವಿಲಾಸ್ ಆಗ ಮಣ್ಣಿನ ಅಂಗಣದಲ್ಲಿ ಸತತವಾಗಿ 53 ಪಂದ್ಯಗಳನ್ನು ಗೆದ್ದು ಬಂದಿದ್ದನು. ಆ ವರ್ಷದ ಫ್ರೆಂಚ್ ಮತ್ತು ಅಮೆರಿಕನ್ ಪ್ರಶಸ್ತಿಗಳೆರಡೂ ಅವನವೇ. ಎದುರಾಳಿ ರುಮೇನಿಯದ ಇಲೀ ನಸ್ತಾಸೆ. ಕೆಲವು ದಿನಗಳ ಹಿಂದೆ ಪ್ಯಾರಿಸಿನಲ್ಲಿ ನಸ್ತಾಸೆ ತಾನೇ ಈ ಶಾವಿಗೆ ರ‍್ಯಾಕೆಟ್ಟಿಗೆ ಸೋತು ಕಿಡಿಕಿಡಿಯಾಗಿದ್ದನು. ಈಗ ಅದನ್ನೇ ಕೈಗೆತ್ತಿಕೊಂಡು ಬಂದಿದ್ದನು. ಎರಡು ಸೆಟ್‌ಗಳನ್ನು ಕಳೆದುಕೊಂಡ ವಿಲಾಸ್ ಮೂರನೆಯದನ್ನು ಆಡಲಾರೆನೆಂದು ಅಂಗಣ ಬಿಟ್ಟು ನಡೆದನು. 53 ಗೆಲುವುಗಳ ಸರಣಿ ಅಲ್ಲಿಗೆ ಮುರಿಯಿತು.

ಅಚ್ಚರಿಯ ಮಾತೆಂದರೆ, ಟೆನಿಸ್ ಹುಟ್ಟಿ ನೂರು ವರ್ಷ ಕಳೆದಿದ್ದರೂ ರ‍್ಯಾಕೆಟ್ ಎಂದರೆ ಏನು ಎಂಬುದನ್ನು ನಿಯಮಾವಳಿ ಎಲ್ಲಿಯೂ ಹೇಳಿರಲಿಲ್ಲ. ಯಾರಿಗೂ ಆ ಅಗತ್ಯ ಕಂಡಿರಲಿಲ್ಲ. ಅಂತರರಾಷ್ಟ್ರೀಯ ಒಕ್ಕೂಟ ಅದೇ ತಿಂಗಳು ತಾತ್ಕಾಲಿಕ ನಿಷೇಧ ಹೇರಿತು. 1978ರಲ್ಲಿ ನಿಯಮವನ್ನೇ ಬರೆಯಿತು. ತಂತಿಗಳು ಒಂದನ್ನೊಂದು ದಾಟುವಲ್ಲಿ ಮೇಲೊಂದು ಕೆಳಗೊಂದರಂತೆ ಹೆಣೆದಿರಬೇಕು, ಇಲ್ಲವೆ ಅಂಟಿಕೊಂಡಿರಬೇಕು ಎಂಬುದು ಅದರ ಮುಖ್ಯಾಂಶ. ಹಾಸುಹೊಕ್ಕಾಗಿರಬೇಕು ಎಂದು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳಬಹುದು. ಆಟದ ಸಮತೂಕವನ್ನು ಉಳಿಸುವುದು ನಿಯಮದ ಉದ್ದೇಶ. ಅದು ನ್ಯಾಯವಾದ ಉದ್ದೇಶವೇ. ಆದರೆ ನಿಯಮ ಕಟ್ಟಿಹಾಕಿದುದು ಹೆಣಿಗೆಯ ಆಕಾರವನ್ನು. ತಂತಿಯನ್ನು ಯಾವ ವಸ್ತುವಿನಿಂದ ಮಾಡಬೇಕೆಂಬುದರ ಬಗ್ಗೆ ಅದು ಸುಮ್ಮನಿದ್ದಿತು.

ಇಪ್ಪತ್ತು ವರ್ಷಗಳ ತರುವಾಯ, ಆ ಮೌನದ ಮೂಲಕವೇ ಸ್ಪಿನ್ ಒಳಗೆ ಬಂದಿತು. ಪಾಲಿಯೆಸ್ಟರ್ ತಂತಿ ಅಷ್ಟರಲ್ಲಿ ಪೇಟೆಯಲ್ಲಿ ಇಲ್ಲದಿರಲಿಲ್ಲ. ಆದರೆ ಅದಕ್ಕೆ ಮರ್ಯಾದೆಯಿರಲಿಲ್ಲ. ಸತ್ತ ತಂತಿ, ಕೊರಡಿನಂಥ ತಂತಿ, ಅಡಿಗಡಿಗೆ ತಂತಿ ಹರಿಯುವ ಒರಟುಗೈಯವರಿಗೆ ಅಗ್ಗದ ಪರಿಹಾರ ಎಂಬುದಷ್ಟೇ ಅದರ ಕೀರ್ತಿ. ಬೆಲ್ಜಿಯಂ ದೇಶದ ಆಂಟ್‌ವರ್ಪ್ ಬಳಿಯ ಲಕ್ಸಿಲಾನ್ ಎಂಬ ಸಂಸ್ಥೆ ಕೈಗಾರಿಕೆಗಳಿಗೆ ಬೇಕಾದ ಒಂಟಿ ಎಳೆಯ ದಾರಗಳನ್ನು ತಯಾರಿಸುತ್ತಿದ್ದು, ಟೆನಿಸ್ ತಂತಿಯನ್ನೂ ಮಾಡುತ್ತಿತ್ತು. 1997ರಲ್ಲಿ ಬ್ರೆಜಿಲ್‌ನ ಗುಸ್ತಾವೊ ಕ್ಯುಯರ್ಟನ್ ಆ ತಂತಿಯನ್ನು ಕಟ್ಟಿಸಿಕೊಂಡು ಪ್ಯಾರಿಸಿಗೆ ಬಂದನು. ವಿಶ್ವದ ಶ್ರೇಯಾಂಕದಲ್ಲಿ ಅವನ ಸ್ಥಾನ 66. ಅದುವರೆಗೆ ಒಂದು ದೊಡ್ಡ ಪ್ರಶಸ್ತಿಯನ್ನೂ ಗೆದ್ದವನಲ್ಲ. ಆ ಪಂದ್ಯಾವಳಿಯಲ್ಲಿ ಅವನು ಹಿಂದಿನ ಮೂವರು ಫ್ರೆಂಚ್ ಚಾಂಪಿಯನ್ನರನ್ನು, ಎಂದರೆ ಮುಸ್ಟರ್, ಕಾಫೆಲ್ನಿಕೋವ್, ಬ್ರುಗುಯೆರಾ ಇವರನ್ನು, ಸೋಲಿಸಿ ಪ್ರಶಸ್ತಿಯನ್ನು ಎತ್ತಿದನು. ಅದೇ ಪಂದ್ಯಾವಳಿಯಲ್ಲಿ ನಮ್ಮ ಮಹೇಶ್ ಭೂಪತಿ ಜಪಾನಿನ ರಿಕಾ ಹಿರಾಕಿಯೊಡನೆ ಮಿಶ್ರ ಡಬಲ್ಸ್ ಗೆದ್ದು, ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯನಾದುದನ್ನು ಇಲ್ಲಿ ಸ್ಮರಿಸಬಹುದು. ಇಡೀ ದೇಶ ಭೂಪತಿಯನ್ನು ಕೊಂಡಾಡುತ್ತಿದ್ದಾಗ, ಟೆನಿಸ್ ಬಳಗ ಕ್ಯುಯರ್ಟನ್ನನ ತಂತಿಯನ್ನು ಎವೆಯಿಕ್ಕದೆ ನೋಡುತ್ತಿದ್ದಿತು.

ಈ ಸತ್ತ ತಂತಿಯಲ್ಲಿ ಇದ್ದ ಜೀವ ಯಾವುದು? ತಂತಿ ಒರಟಾಗಿದ್ದು ಚೆಂಡನ್ನು ಕಚ್ಚಿ ಹಿಡಿಯುವುದೇ ಸ್ಪಿನ್ನಿಗೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಅತಿವೇಗದ ಛಾಯಾಗ್ರಹಣ ಬಂದ ಮೇಲೆ ಬೇರೆಯೇ ಸತ್ಯ ಹೊರಬಿದ್ದಿತು. ಸಿಡ್ನಿ ವಿಶ್ವವಿದ್ಯಾನಿಲಯದ ರಾಡ್ ಕ್ರಾಸ್ ಮೊದಲಾದ ಭೌತವಿಜ್ಞಾನಿಗಳು ಅದನ್ನು ಅಳತೆಮಾಡಿ ತೋರಿಸಿದರು. ಮುಖ್ಯವಾದುದು ತಂತಿ ಮತ್ತು ತಂತಿಯ ನಡುವಣ ನಯ. ರ‍್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಬೀಸಿದಾಗ ಚೆಂಡು ಹಾಸಿನ ತಂತಿಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಕರುಳು ಅಥವಾ ನೈಲಾನ್ ಆದರೆ ಹೊಕ್ಕಿನ ತಂತಿಗೆ ತಿಕ್ಕಿ ಅಲ್ಲಿಯೇ ಸಿಕ್ಕಿಬೀಳುವುದುಂಟು. ಹಳೆಯ ಆಟಗಾರರು ಪ್ರತಿ ಪಾಯಿಂಟಿನ ನಡುವೆ ಬೆರಳಿನಿಂದ ತಂತಿ ಸರಿಪಡಿಸಿಕೊಳ್ಳುತ್ತಿದ್ದುದು ಅದಕ್ಕಾಗಿಯೇ. ಪಾಲಿಯೆಸ್ಟರ್ ಬಿರುಸಾಗಿಯೂ ನುಣುಪಾಗಿಯೂ ಇರುವುದರಿಂದ ಜಾರಿದ ತಂತಿ ಚೆಂಡು ಬಿಡುವ ಮುನ್ನವೇ ತನ್ನ ಎಡೆಗೆ ಚಿಮ್ಮಿ ಬರುತ್ತದೆ. ಬರುವಾಗ ಚೆಂಡಿಗೆ ಇನ್ನೊಂದು ಸುತ್ತು ಕೊಡುತ್ತದೆ. ಇದು ಶಾವಿಗೆ ರ‍್ಯಾಕೆಟ್ಟಿನ ಗುಟ್ಟೇ ಅಲ್ಲವೆ? 1977ರಲ್ಲಿ ಹೆಣಿಗೆಯನ್ನು ಬಿಚ್ಚಿ ಸಾಧಿಸಿದುದನ್ನು 1997ರಲ್ಲಿ ಹೆಣಿಗೆಯನ್ನು ಉಳಿಸಿಕೊಂಡೇ ಸಾಧಿಸಲಾಯಿತು. ಪ್ರಮಾಣ ಸ್ವಲ್ಪ ಕಡಿಮೆ ಇದ್ದೀತು, ತತ್ತ್ವ ಒಂದೇ.

ಅನಂತರ ನಡೆದುದು ಎಲ್ಲರೂ ಬಲ್ಲ ಕಥೆ. 2002ರಲ್ಲಿ ಆಂದ್ರೆ ಅಗಾಸಿ ಈ ತಂತಿಗೆ ಬದಲಾಯಿಸಿಕೊಂಡು ರೋಮ್ ಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದನು. ತನ್ನ ಆತ್ಮಕಥೆಯಲ್ಲಿ ಆ ತಂತಿಯನ್ನು ಮನಸಾರೆ ಹೊಗಳಿಯೂ ಇದ್ದಾನೆ. ಸ್ಪೇನಿನ ರಫೇಲ್ ನಡಾಲ್ ಬಂದಮೇಲಂತೂ ಪಾಲಿಯೆಸ್ಟರಿನ ಸ್ಪಿನ್ ಒಂದು ಆಟದ ಶೈಲಿಯೇ ಆಯಿತು. 2006ರಲ್ಲಿ ಅವನು ಮಣ್ಣಿನ ಅಂಗಣದಲ್ಲಿ ವಿಲಾಸನ 53 ಗೆಲುವುಗಳ ದಾಖಲೆಯನ್ನು ದಾಟಿ, ಮರುವರ್ಷ 81ರವರೆಗೆ ಮುಟ್ಟಿದನು. ಜಾರುವ ತಂತಿ ಮುರಿದ ಸರಣಿಯ ದಾಖಲೆಯನ್ನು ಜಾರುವ ತಂತಿಯೇ ಮೀರಿಸಿದುದು ಕಾಲದ ವಿನೋದವೆನ್ನಬೇಕು. ಆದರೆ ಒಂದನ್ನು 1978ರ ನಿಯಮ ಅಳಿಸಿತ್ತು. ಇನ್ನೊಂದು ಅದೇ ನಿಯಮದ ನೆರಳಿನಲ್ಲಿ ಬೆಳೆದಿತ್ತು.

ಎಲ್ಲ ಬದಲಾವಣೆಯನ್ನೂ ತಂತಿಯೊಂದರ ತಲೆಗೆ ಕಟ್ಟುವುದು ಸರಿಯಲ್ಲ. ಮರದ ಚೌಕಟ್ಟಿನ ಬದಲು ಹಗುರವೂ ಅಗಲವೂ ಆದ ಗ್ರ್ಯಾಫೈಟ್ ಚೌಕಟ್ಟು ಬಂದಿತ್ತು. 2001ರಲ್ಲಿ ವಿಂಬಲ್ಡನ್ನಿನವರು ಹುಲ್ಲಿನ ತಳಿಯನ್ನೇ ಬದಲಿಸಿದ್ದರು. ಆದರೂ ಬಲೆಯ ಬಳಿಗೆ ಓಡಿಬಂದು ಚೆಂಡನ್ನು ಗಾಳಿಯಲ್ಲಿಯೇ ತಡೆದು ಕೊಲ್ಲುವ ಹಳೆಯ ಕಲೆ ಕ್ಷೀಣಿಸಿದುದರಲ್ಲಿ ಪಾಲಿಯೆಸ್ಟರಿನ ಪಾಲು ದೊಡ್ಡದು. ಬಂದವನ ಕಾಲ ಬಳಿಗೇ ಧುಮುಕುವ ಚೆಂಡನ್ನು ಹಿಂಬದಿಯ ಗೆರೆಯಿಂದಲೇ ಕಳಿಸಬಲ್ಲವನ ಮುಂದೆ ಆ ಕಲೆ ನಿಲ್ಲಲಾರದೆ ಹೋಯಿತು.

ಸ್ಪಿನ್ ಬಂದಿತು, ಅದರ ಬೆನ್ನ ಮೇಲೆ ಹಿಡಿತವೂ ಬಂದಿತು. ಮೂರನೆಯ ವರವಾದ ಹಿತದ ಗತಿಯೇನು? ಹಿಗ್ಗದ ತಂತಿ ಚೆಂಡಿನ ಪೆಟ್ಟನ್ನು ತಾನು ಉಣ್ಣುವುದಿಲ್ಲ, ಕೈಗೆ ದಾಟಿಸುತ್ತದೆ. ಮೊಣಕೈಯ ಹೊರಬದಿಯ ಸ್ನಾಯುಮೂಲದಲ್ಲಿ ಏಳುವ ನೋವಿಗೆ ಟೆನಿಸ್ ಎಲ್ಬೋ ಎಂಬ ಹೆಸರು ಬಳಕೆಯಲ್ಲಿದೆಯಷ್ಟೆ. ಈ ನೋವನ್ನು ಮೊದಲಿಗೆ ವರ್ಣಿಸಿದವನು ರುಂಗೆ ಎಂಬ ಜರ್ಮನ್ ವೈದ್ಯ, 1873ರಲ್ಲಿ. ವಿಂಗ್‌ಫೀಲ್ಡನ ಪೇಟೆಂಟಿಗಿಂತ ಒಂದು ವರ್ಷ ಮೊದಲು. ಅವನು ಬರೆದಿದ್ದುದು ಆಟಗಾರರ ಬಗ್ಗೆ ಅಲ್ಲ, ಲೇಖನಿ ಹಿಡಿದು ಕೈ ಸೆಳೆತಕ್ಕೆ ಸಿಕ್ಕ ಬರಹಗಾರರ ಬಗ್ಗೆ! ಹತ್ತು ವರ್ಷಗಳ ಮೇಲೆ, 1883ರಲ್ಲಿ, ಬ್ರಿಟಿಷ್ ವೈದ್ಯಪತ್ರಿಕೆಯೊಂದು ಅದಕ್ಕೆ ಟೆನಿಸ್ಸಿನ ನಂಟು ಕಟ್ಟಿತು. ಆದುದರಿಂದ ಈ ವಿಷಯದಲ್ಲಿ ಸಾಹಿತಿಗಳೂ ಆಟಗಾರರೂ ಒಂದೇ ಗೋತ್ರದವರು. ಪಾಲಿಯೆಸ್ಟರ್ ಈ ನೋವನ್ನು ಹುಟ್ಟಿಸಿತೆಂದು ಹೇಳಲಾಗದು; ಒಗ್ಗದ ಕೈಗೆ ಸಿಕ್ಕಾಗ ಅದನ್ನು ಹೆಚ್ಚಿಸುತ್ತದೆಂಬುದು ಮಾತ್ರ ಅನುಭವಕ್ಕೆ ಬಂದ ಮಾತು.

ಇತಿಹಾಸದಿಂದ ಆಯ್ಕೆಯ ವಿಚಾರಕ್ಕೆ ಬರೋಣ. ಕರುಳು ಅಥವಾ ನೈಲಾನನ್ನು 55ರಿಂದ 60 ಪೌಂಡಿಗೆ ಬಿಗಿಸುವ ರೂಢಿಯುಳ್ಳವರು ಪಾಲಿಯೆಸ್ಟರನ್ನೂ ಅಷ್ಟೇ ಬಿಗಿಸಿದರೆ ಕೈ ಉಳಿಯುವುದು ಕಷ್ಟ. 45ರಿಂದ 52 ಪೌಂಡು ಸಾಕು. ಸ್ಪಿನ್ನೇ ಹಿಡಿತವನ್ನು ಒದಗಿಸುವುದರಿಂದ ಬಿಗಿಯಿಂದ ಅದನ್ನು ಹಿಂಡಬೇಕಾಗಿಲ್ಲ. ದಪ್ಪ ಸಾಮಾನ್ಯವಾಗಿ 1.20ರಿಂದ 1.30 ಮಿಲಿಮೀಟರ್, ತೆಳುವಾದುದು ಹೆಚ್ಚು ಮೃದು, ದಪ್ಪನೆಯದು ಹೆಚ್ಚು ಬಾಳಿಕೆ. ಐದು, ಆರು, ಎಂಟು ಅಂಚುಗಳುಳ್ಳ ತಂತಿಗಳು ಸ್ಪಿನ್ನಿನ ಕಡೆಗೆ ವಾಲಿದರೆ, ದುಂಡನೆಯ ನುಣುಪು ತಂತಿಗಳು ಸಮನಾದ, ಊಹಿಸಬಲ್ಲ ಹಿಡಿತದ ಕಡೆಗೆ ವಾಲುತ್ತವೆ. ಇತರ ವಸ್ತುಗಳನ್ನು ಬೆರೆಸಿ ಬಿರುಸನ್ನು ತಗ್ಗಿಸಿದ ಪಾಲಿಯೆಸ್ಟರ್‌ಗಳೂ ಇವೆ. ಕೈಯ ಹಿತವನ್ನು ಬಯಸುವವರು ಅವನ್ನು ಅರಸಬೇಕು.

ಇಲ್ಲಿ ಒಂದು ಮೋಸವನ್ನು ಎಚ್ಚರಿಕೆಯಿಂದ ಗಮನಿಸಬೇಕು. ಕರುಳು ಸತ್ತಾಗ ಹರಿದು ತಿಳಿಸುತ್ತದೆ. ಪಾಲಿಯೆಸ್ಟರ್ ಸತ್ತರೂ ಹರಿಯುವುದಿಲ್ಲ. ಕಟ್ಟಿದ ದಿನದಿಂದಲೇ ಅದರ ಬಿಗಿ ಇಳಿಯತೊಡಗಿ, ಹತ್ತಿಪ್ಪತ್ತು ಗಂಟೆಗಳ ಆಟದಲ್ಲಿ ಚಿಮ್ಮುವ ಗುಣ ಕುಂದುತ್ತದೆ. ವೃತ್ತಿ ಆಟಗಾರರು ಪಂದ್ಯದಿಂದ ಪಂದ್ಯಕ್ಕೆ, ಪಂದ್ಯದ ನಡುವೆಯೂ, ಹೊಸ ತಂತಿಯ ರ‍್ಯಾಕೆಟ್ ಹಿಡಿಯುತ್ತಾರೆ. ನಾವಾದರೋ ತಂತಿ ಹರಿದಿಲ್ಲವೆಂಬ ಒಂದೇ ಕಾರಣಕ್ಕೆ ವರ್ಷಗಟ್ಟಲೆ ಅದರಲ್ಲಿಯೇ ಆಡುತ್ತೇವೆ. ಉಳಿತಾಯವೆಂದು ಎಣಿಸಿದುದನ್ನು ಮೊಣಕೈ ತೆರಬೇಕಾಗುತ್ತದೆ. ಇನ್ನೊಂದು ಮಾತು: ವೇಗವಾಗಿ ಬೀಸಬಲ್ಲ ತೋಳಿಗೆ ಮಾತ್ರ ಈ ತಂತಿ ತನ್ನ ಸ್ಪಿನ್ನನ್ನು ಬಿಟ್ಟುಕೊಡುತ್ತದೆ. ಮೆಲ್ಲಗೆ ಬೀಸುವವನಿಗೆ ತಂತಿ ಜಾರುವುದೂ ಇಲ್ಲ, ಚಿಮ್ಮುವುದೂ ಇಲ್ಲ. ಅವನ ಪಾಲಿಗೆ ಉಳಿಯುವುದು ಬಿರುಸು ಒಂದೇ. ಮಕ್ಕಳ ಎಳೆಯ ಕೈಗೂ, ಐವತ್ತು ದಾಟಿದವರ ಬಳಲಿದ ಕೈಗೂ ಬಹು ಎಳೆಗಳ ಮೆತ್ತನೆಯ ನೈಲಾನ್ ಹೆಚ್ಚು ಕರುಣೆಯುಳ್ಳದ್ದು.

ಮೂರು ವರಗಳ ಜಗಳಕ್ಕೆ ದೊಡ್ಡ ಆಟಗಾರರು ಕಂಡುಕೊಂಡ ರಾಜಿಯೂ ಒಂದಿದೆ. ರೋಜರ್ ಫೆಡರರ್ ತನ್ನ ರ‍್ಯಾಕೆಟ್ಟಿನ ಹಾಸಿಗೆ ಕರುಳನ್ನೂ ಹೊಕ್ಕಿಗೆ ಪಾಲಿಯೆಸ್ಟರನ್ನೂ ಹಾಕಿಸುತ್ತಿದ್ದನು. ನೊವಾಕ್ ಜೊಕೊವಿಚ್ ಹಿಡಿದುದೂ ಅದೇ ಹಾದಿ. ಹಾಸಿನ ಕರುಳು ಕೈಯನ್ನು ಕಾಯುತ್ತದೆ, ಬಲವನ್ನು ಕೊಡುತ್ತದೆ. ಹೊಕ್ಕಿನ ಪಾಲಿಯೆಸ್ಟರ್ ಅದಕ್ಕೆ ಜಾರಲು ನುಣುಪಾದ ಹಾದಿಯಾಗುತ್ತದೆ. 1875ರ ಲಿಯಾನೂ 1941ರ ಮ್ಯಾಂಚೆಸ್ಟರೂ ಒಂದೇ ಚೌಕಟ್ಟಿನಲ್ಲಿ ಹೆಣೆದುಕೊಂಡಂತಾಯಿತು.

1978ರ ನಿಯಮ ಆಟಗಾರ ಆಟಗಾರನ ನಡುವಿನ ನ್ಯಾಯವನ್ನು ನೋಡಿಕೊಂಡಿತು. ಆಟಗಾರನಿಗೂ ಅವನ ಮೊಣಕೈಗೂ ನಡುವಿನ ನ್ಯಾಯಕ್ಕೆ ಯಾವ ಒಕ್ಕೂಟವೂ ನಿಯಮ ಬರೆಯುವುದಿಲ್ಲ. ಅದನ್ನು ಪ್ರತಿಯೊಬ್ಬನೂ ತಾನೇ ತೀರ್ಮಾನಿಸಬೇಕು. ಗಟ್ಟಿಂಗ್ ಮಾಡಿಸಲು ಹೋದಾಗ ಚಾಂಪಿಯನ್ ಯಾವ ತಂತಿ ಕಟ್ಟಿಸುತ್ತಾನೆಂದು ಕೇಳುವ ಮೊದಲು, ವಾರಕ್ಕೆ ತಾನು ಎಷ್ಟು ಗಂಟೆ ಆಡುತ್ತೇನೆ, ತನ್ನ ಬೀಸು ಎಷ್ಟು ಚುರುಕು, ನಿನ್ನೆಯ ಆಟದ ಮರುದಿನ ತುಂಬಿದ ಬಿಂದಿಗೆಯನ್ನು ನೋವಿಲ್ಲದೆ ಎತ್ತಬಲ್ಲೆನೆ ಎಂದು ತನ್ನನ್ನೇ ಕೇಳಿಕೊಂಡರೆ, ಆರಿಸಬೇಕಾದ ತಂತಿ ಯಾವುದೆಂಬುದು ತಾನಾಗಿಯೇ ತಿಳಿಯುತ್ತದೆ.